ಆಟದೊಳಗಿನ ಪೆಟ್ಟಿನ ಲೆಕ್ಕ

ಗಣಿತದ ಅವಧಿ ಮುಗಿದ ಮೇಲೆ ವಿದ್ಯಾರ್ಥಿಗಳು ಕೇಳುವ ಸಂಶಯಗಳು ಬಹುತೇಕ ಪರೀಕ್ಷೆಗೆ ಸಂಬಂಧಪಟ್ಟವು. ಈ ವರ್ಷ ಒಂಬತ್ತನೆಯ ತರಗತಿಯ ಇಬ್ಬರು ಬೇರೆಯೇ ಒಂದು ಸಂಶಯವನ್ನು ತಂದರು. "ಸರ್, ನನ್ನ ಪಾತ್ರದ ಅಟ್ಯಾಕ್ ಎರಡು ಸಾವಿರ ಇದೆ. ಇವನದ್ದು ಒಂದೂವರೆ ಸಾವಿರ. ಆದರೂ ಇವನೇ ವೈರಿಯನ್ನು ಬೇಗ ಮುಗಿಸುತ್ತಾನೆ. ಅದು ಹೇಗೆ?" ಕೇಳಿದವನು ಇದಕ್ಕೆ ಪರಿಹಾರವನ್ನೂ ಯೋಚಿಸಿಟ್ಟಿದ್ದನು. ಮನೆಯವರ ಫೋನಿನಿಂದ ಸ್ವಲ್ಪ ಹಣ ಹಾಕಿ ಇನ್ನೂ ಬಲವಾದ ಹೊಸ ಪಾತ್ರವೊಂದನ್ನು ಪಡೆಯುವುದೇ ಆ ಪರಿಹಾರ. ಹಣ ಹಾಕುವ ಮೊದಲು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕೋಣ ಎಂದು ನಾನು ಹೇಳಿದೆ. ಹಾಗೆ ಹಾಕಿದ ಲೆಕ್ಕವೇ ಈ ಲೇಖನ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಫೋನಿನ ಆಟದ ವಿಚಾರವೇ ಎಂದು ಹಿರಿಯರು ಹುಬ್ಬೇರಿಸಬಹುದು. ಚದುರಂಗದ ಕುರಿತು ಬರೆದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆಡಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆಡುವವರು ಆಡುತ್ತಲೇ ಇದ್ದಾರೆ. ಅದರೊಳಗೆ ನಡೆಯುವುದೇನೆಂದು ತಿಳಿದು ಆಡಲಿ ಎಂಬುದಷ್ಟೇ ನನ್ನ ಉದ್ದೇಶ.

ಹುಡುಗರು ಹೇಳಿದ ಆಟದ ಹೆಸರು ಗೆನ್‌ಶಿನ್ ಇಂಪ್ಯಾಕ್ಟ್. ಚೀನಾದ ಶಾಂಘೈ ನಗರದ ಮಿಹೋಯೋ ಎಂಬ ಸಂಸ್ಥೆ ಇದನ್ನು 2020ರ ಸೆಪ್ಟೆಂಬರ್ 28ರಂದು ಬಿಡುಗಡೆ ಮಾಡಿತು. ತೇವತ್ ಎಂಬ ಕಲ್ಪಿತ ಲೋಕದಲ್ಲಿ ನಾಲ್ಕು ಪಾತ್ರಗಳ ಒಂದು ತಂಡವನ್ನು ಕಟ್ಟಿಕೊಂಡು ಅಲೆಯುವುದು, ರಾಕ್ಷಸರೊಡನೆ ಕಾದುವುದು, ಕಥೆಯನ್ನು ಮುಂದುವರಿಸುವುದು ಇದರ ಸ್ವರೂಪ. ಇಂತಹವನ್ನು ಪಾತ್ರಾಭಿನಯದ ಆಟಗಳೆನ್ನುತ್ತಾರೆ. ಇವುಗಳ ಮೂಲಪುರುಷ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದು ಯಂತ್ರವಿಲ್ಲದೆ, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ಆಟ. ಅದಕ್ಕೂ ಮೊದಲಿನ ಯುದ್ಧದ ಆಟಗಳಲ್ಲಿ ಗೊಂಬೆ ಸೈನಿಕನಿಗೆ ಒಂದು ಪೆಟ್ಟು ಬಿದ್ದರೆ ಅವನು ಸತ್ತ ಹಾಗೆಯೇ. ತಾನು ಪ್ರೀತಿಯಿಂದ ಬೆಳೆಸಿದ ಪಾತ್ರ ಒಂದೇ ಏಟಿಗೆ ಸಾಯುವುದು ಯಾರಿಗೂ ರುಚಿಸಲಿಲ್ಲ. ಆಗ ಆರ್ನೆಸನ್ ಹಡಗು ಯುದ್ಧದ ಆಟದ ನಿಯಮಗಳಿಂದ ಒಂದು ಉಪಾಯವನ್ನು ಎರವಲು ತಂದರು. ಹಡಗು ಇಷ್ಟು ಹೊಡೆತ ತಿಂದ ಮೇಲೆ ಮುಳುಗುತ್ತದೆ ಎಂದು ಎಣಿಸುವಂತೆ ಮನುಷ್ಯನಿಗೂ ಎಣಿಕೆ ಇಟ್ಟರು. ಇಂದು ಪರದೆಯ ಮೇಲೆ ಕಾಣುವ ಎಚ್.ಪಿ. ಎಂಬ ಪಟ್ಟಿ ಹುಟ್ಟಿದ್ದು ಹೀಗೆ.

ಗಾಚಾ ಎಂಬ ಶಬ್ದ ಜಪಾನಿನದು. ಅಲ್ಲಿ ಅಂಗಡಿಗಳ ಎದುರು ಆಟಿಕೆ ಕೊಡುವ ಪೆಟ್ಟಿಗೆಗಳಿರುತ್ತವೆ. ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ 'ಗಾಚಾ' ಎಂದು ಸದ್ದಾಗುತ್ತದೆ, ಒಂದು ಗುಂಡು ಡಬ್ಬಿ 'ಪೋನ್' ಎಂದು ಬೀಳುತ್ತದೆ. ಡಬ್ಬಿಯೊಳಗೆ ಯಾವ ಆಟಿಕೆ ಇದೆಯೆಂಬುದು ಒಡೆದ ಮೇಲೆಯೇ ಗೊತ್ತು. ಗೆನ್‌ಶಿನ್ ಆಟದಲ್ಲಿ ಹೊಸ ಪಾತ್ರಗಳು ಬಹುತೇಕ ಸಿಗುವುದು ಇದೇ ರೀತಿಯಲ್ಲಿ, ಅದೃಷ್ಟದ ಡಬ್ಬಿಯಿಂದ. ಆ ವಿಚಾರಕ್ಕೆ ಕೊನೆಗೆ ಬರೋಣ.

ಈ ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ, ಮಲಯಾಳವೂ ಇಲ್ಲ, ಹಿಂದಿಯೂ ಇಲ್ಲ. ಆದುದರಿಂದ ನಮ್ಮ ಉಪಯೋಗಕ್ಕೆ ಕೆಲವು ಹೆಸರುಗಳನ್ನು ನಾವೇ ಇಟ್ಟುಕೊಳ್ಳೋಣ. ಎಚ್.ಪಿ. ಎಂಬುದನ್ನು ಪ್ರಾಣಬಲ ಎನ್ನೋಣ. ಅಟ್ಯಾಕ್ ದಾಳಿಬಲ, ಡಿಫೆನ್ಸ್ ರಕ್ಷಣಾಬಲ, ಡ್ಯಾಮೇಜ್ ನಮ್ಮ ಹಳೆಯ ಪೆಟ್ಟು. ಕ್ರಿಟಿಕಲ್ ಹಿಟ್ ಎಂಬುದಕ್ಕೆ ನಮ್ಮಲ್ಲಿ ಬಹಳ ಹಿಂದಿನಿಂದಲೇ ಮರ್ಮಾಘಾತ ಎಂಬ ಸೊಗಸಾದ ಶಬ್ದವಿದೆ. ಎಲಿಮೆಂಟ್ ಎಂಬುದಕ್ಕೆ ಪಂಚಭೂತಗಳ ನೆನಪಿನಲ್ಲಿ ಭೂತ ಎನ್ನಬಹುದಿತ್ತು. ಆದರೆ ನಮ್ಮ ಊರುಗಳಲ್ಲಿ ಭೂತವೆಂದರೆ ಕೋಲ ಕಟ್ಟುವ ದೈವ. 'ಭೂತದ ಪೆಟ್ಟು' ಎಂದರೆ ಅರ್ಥವೇ ಬೇರೆಯಾದೀತು. ಆದ್ದರಿಂದ ರಸಾಯನ ಪಾಠದ ಧಾತು ಎಂಬ ಶಬ್ದವೇ ಇರಲಿ.

ಈಗ ಪೆಟ್ಟಿನ ಸೂತ್ರ. ಆಟ ಇದನ್ನು ಎಲ್ಲಿಯೂ ಬರೆದು ತೋರಿಸುವುದಿಲ್ಲ. ಪ್ರಪಂಚದ ನಾನಾ ಕಡೆಯ ಆಟಗಾರರು ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದವನ್ನು ಹಾಗೆಯೇ ಇಟ್ಟು, ವೈರಿಗೆ ಮತ್ತೆ ಮತ್ತೆ ಹೊಡೆದು, ಬಂದ ಅಂಕೆಗಳನ್ನು ಬರೆದಿಟ್ಟು ಇದನ್ನು ಕಂಡುಹಿಡಿದರು. ಪ್ರಯೋಗಶಾಲೆಯಲ್ಲಿ ನಾವು ಓಮ್‌ನ ನಿಯಮವನ್ನು ಸಾಧಿಸುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸೂತ್ರವು ಹೀಗಿದೆ:

ಪೆಟ್ಟು = ದಾಳಿಬಲ × ವಿದ್ಯೆಯ ಗುಣಕ × ಧಾತುಲಾಭ × ಮರ್ಮಾಘಾತ × ರಕ್ಷಣೆಯ ಗುಣಕ × ತಡೆಯ ಗುಣಕ × ಸಂಯೋಗದ ಗುಣಕ

ಏಳೂ ಗುಣಾಕಾರದಲ್ಲಿ ಇರುವುದನ್ನು ಗಮನಿಸಿರಿ. ನನ್ನ ವಿದ್ಯಾರ್ಥಿ ನೋಡುತ್ತಿದ್ದುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ.

ಒಂದು ಉದಾಹರಣೆಯನ್ನು ಬಿಡಿಸೋಣ. ಪಾತ್ರದ ಮತ್ತು ಅದರ ಆಯುಧದ ಮೂಲ ದಾಳಿಬಲ ಸೇರಿ 700 ಎಂದಿಟ್ಟುಕೊಳ್ಳಿ. ಈ ಆಟದಲ್ಲಿ ಪ್ರತಿಯೊಂದು ಪಾತ್ರವೂ ಐದು ಆಭರಣಗಳನ್ನು ಧರಿಸುತ್ತದೆ: ಹೂ, ಗರಿ, ಮರಳುಗಡಿಯಾರ, ಬಟ್ಟಲು, ಕಿರೀಟ. ಪೂರ್ತಿ ಬೆಳೆಸಿದ ಐದು ನಕ್ಷತ್ರದ ಗರಿ 311 ದಾಳಿಬಲವನ್ನು ಕೊಡುತ್ತದೆ. ಮರಳುಗಡಿಯಾರ ಶೇಕಡಾ 46.6 ದಾಳಿಬಲವನ್ನು ಕೊಡಬಲ್ಲುದು. ಶೇಕಡಾ ಲೆಕ್ಕ ಮೂಲ ಬಲಕ್ಕೆ ಮಾತ್ರ ಸಲ್ಲುತ್ತದೆ, ಗರಿಯ 311ಕ್ಕೆ ಸಲ್ಲುವುದಿಲ್ಲ. ಆದುದರಿಂದ 700ನ್ನು 1.466ರಿಂದ ಗುಣಿಸಿದರೆ 1026, ಅದಕ್ಕೆ 311 ಕೂಡಿಸಿದರೆ 1337. ಮೊದಲೇ ಕೂಡಿಸಿ ಆಮೇಲೆ ಶೇಕಡಾ ಹಾಕುವವರು ಇಲ್ಲಿಯೇ ಎಡವುತ್ತಾರೆ.

ಪಾತ್ರವು ಪ್ರಯೋಗಿಸುವ ವಿದ್ಯೆ ಶೇಕಡಾ 200ರದ್ದಾದರೆ ಪೆಟ್ಟು 2674 ಆಯಿತು. ಬೆಂಕಿಯ ಬಟ್ಟಲು ಬೆಂಕಿಯ ಪೆಟ್ಟಿಗೆ ಶೇಕಡಾ 46.6 ಲಾಭ ಕೊಡುತ್ತದೆ. 2674ನ್ನು 1.466ರಿಂದ ಗುಣಿಸಿ, 3920 ಆಯಿತು. ಮರ್ಮಕ್ಕೆ ತಾಗಿತು, ಅದರ ತೀವ್ರತೆ ಶೇಕಡಾ 100 ಎಂದಾದರೆ ಇಮ್ಮಡಿ, ಅಂದರೆ 7840. ಪಾತ್ರವೂ ವೈರಿಯೂ ಒಂದೇ ಮಟ್ಟದವರಾದರೆ ವೈರಿಯ ರಕ್ಷಣೆ ಅರ್ಧವನ್ನು ನುಂಗುತ್ತದೆ, ಉಳಿಯುವುದು 3920. ಸಾಮಾನ್ಯ ವೈರಿಗೆ ಶೇಕಡಾ 10 ತಡೆಶಕ್ತಿ ಇರುವುದರಿಂದ ಇದರ ಹತ್ತರಲ್ಲಿ ಒಂಬತ್ತು ಪಾಲು, 3528. ವೈರಿಯ ಮೈ ಮೊದಲೇ ನೀರಿನಿಂದ ಒದ್ದೆಯಾಗಿದ್ದರೆ ಬೆಂಕಿಯ ಪೆಟ್ಟು ಒಂದೂವರೆ ಪಟ್ಟು ಆಗುತ್ತದೆ. ಕೊನೆಗೆ ಪರದೆಯ ಮೇಲೆ ಹಾರುವ ಅಂಕೆ 5292.

ಇಲ್ಲಿ ಗಣಿತದ ಒಂದು ಸಣ್ಣ ರಹಸ್ಯವಿದೆ. ಒಂದೇ ಜಾತಿಯ ಲಾಭಗಳು ತಮ್ಮೊಳಗೆ ಕೂಡುತ್ತವೆ, ಬೇರೆ ಬೇರೆ ಜಾತಿಯವು ಒಂದನ್ನೊಂದು ಗುಣಿಸುತ್ತವೆ. ಶೇಕಡಾ 46.6ರ ಎರಡು ಲಾಭಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದರೆ 1.932 ಸಿಗುತ್ತದೆ. ಅವನ್ನೇ ಎರಡು ಪೆಟ್ಟಿಗೆಗಳಲ್ಲಿ ಹಾಕಿದರೆ 1.466ರ ವರ್ಗ, ಅಂದರೆ 2.149 ಸಿಗುತ್ತದೆ. ಖರ್ಚು ಒಂದೇ, ಫಲ ಬೇರೆ. ದಾಳಿಬಲದ ಅಂಕೆಯೊಂದನ್ನೇ ಉಬ್ಬಿಸುತ್ತಾ ಹೋದವನ ಪೆಟ್ಟು ದೊಡ್ಡದಾಗದಿರುವುದಕ್ಕೆ ಇದು ಮೊದಲನೆಯ ಕಾರಣ.

ಎರಡನೆಯ ಕಾರಣ ಮರ್ಮಾಘಾತ. ಇದಕ್ಕೆ ಎರಡು ಅಂಕೆಗಳಿವೆ. ನೂರು ಪೆಟ್ಟುಗಳಲ್ಲಿ ಎಷ್ಟು ಮರ್ಮಕ್ಕೆ ತಾಗುತ್ತವೆ ಎಂಬುದು ಪ್ರಮಾಣ. ತಾಗಿದಾಗ ಪೆಟ್ಟು ಎಷ್ಟು ಹೆಚ್ಚಾಗುತ್ತದೆ ಎಂಬುದು ತೀವ್ರತೆ. ಎಲ್ಲ ಪಾತ್ರಗಳಿಗೂ ಹುಟ್ಟಿನಿಂದ ಪ್ರಮಾಣ ಶೇಕಡಾ 5, ತೀವ್ರತೆ ಶೇಕಡಾ 50 ಇರುತ್ತದೆ. ಬಹಳ ಪೆಟ್ಟುಗಳ ಸರಾಸರಿಯನ್ನು ತೆಗೆದರೆ ಗುಣಕವು 1 + ಪ್ರಮಾಣ × ತೀವ್ರತೆ ಎಂದಾಗುತ್ತದೆ.

ಆ ಇಬ್ಬರ ಅಂಕೆಗಳನ್ನು ಇಲ್ಲಿ ಹಾಕಿ ನೋಡಿದೆವು. ಎರಡು ಸಾವಿರ ದಾಳಿಬಲದವನ ಪ್ರಮಾಣ 30, ತೀವ್ರತೆ 60. ಗುಣಕ 1.18, ಆದುದರಿಂದ 2000 ಎಂಬುದು 2360 ಆಗುತ್ತದೆ. ಒಂದೂವರೆ ಸಾವಿರದವನ ಪ್ರಮಾಣ 60, ತೀವ್ರತೆ 120. ಗುಣಕ 1.72, ಆದುದರಿಂದ 1500 ಎಂಬುದು 2580 ಆಗುತ್ತದೆ. ಒಗಟು ಬಿಡಿಸಿದಂತಾಯಿತು. ಪಾತ್ರದ ದೋಷ ಇದರಲ್ಲಿ ಏನೂ ಇರಲಿಲ್ಲ. ಅದರ ತಲೆಯ ಮೇಲಿನ ಕಿರೀಟ ಸರಿಯಿರಲಿಲ್ಲ, ಅಷ್ಟೆ. ಕಿರೀಟವನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ, ಆಡಿ ಗಳಿಸಬೇಕು.

ಪ್ರಮಾಣ, ತೀವ್ರತೆ ಎರಡರಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು? ಪೂರ್ತಿ ಬೆಳೆದ ಕಿರೀಟ ಒಂದೋ 31.1 ಪ್ರಮಾಣವನ್ನು ಕೊಡುತ್ತದೆ, ಇಲ್ಲವೇ 62.2 ತೀವ್ರತೆಯನ್ನು ಕೊಡುತ್ತದೆ. ಅಂದರೆ ಒಂದು ಅಂಶ ಪ್ರಮಾಣದ ಬೆಲೆ ಎರಡು ಅಂಶ ತೀವ್ರತೆಗೆ ಸಮ. ಪ್ರಮಾಣದ ಎರಡರಷ್ಟಕ್ಕೆ ತೀವ್ರತೆಯನ್ನು ಕೂಡಿಸಿದರೆ ನಮ್ಮ ಒಟ್ಟು ಬಂಡವಾಳ ತಿಳಿಯುತ್ತದೆ. ಬಂಡವಾಳ 220 ಎಂದಿರಲಿ. ಪ್ರಮಾಣ 20, ತೀವ್ರತೆ 180 ಇಟ್ಟುಕೊಂಡರೆ ಗುಣಕ 1.36. ಪ್ರಮಾಣ 60, ತೀವ್ರತೆ 100 ಇಟ್ಟುಕೊಂಡರೆ 1.60. ಪ್ರಮಾಣ 55, ತೀವ್ರತೆ 110 ಇಟ್ಟುಕೊಂಡರೆ 1.605, ಇದೇ ಗರಿಷ್ಠ. ಸುತ್ತಳತೆ ನಿಶ್ಚಿತವಾಗಿರುವ ಆಯತಗಳಲ್ಲಿ ಚೌಕದ ಕ್ಷೇತ್ರಫಲವೇ ಅತಿ ಹೆಚ್ಚು ಎಂದು ನೀವು ಕಲಿತಿದ್ದೀರಲ್ಲ, ಅದೇ ಪ್ರಮೇಯ ಇಲ್ಲಿ ವೇಷ ಬದಲಿಸಿ ಬಂದಿದೆ. ತೀವ್ರತೆಯು ಪ್ರಮಾಣದ ಇಮ್ಮಡಿ ಇರಲಿ ಎಂದು ಆಟಗಾರರು ಹೇಳುವ ನಾಣ್ಣುಡಿಯ ಹಿಂದಿರುವ ತರ್ಕ ಇದು. ಅಪರೂಪಕ್ಕೊಮ್ಮೆ ಹಾರುವ ಭಾರೀ ಅಂಕೆಯನ್ನು ಚಿತ್ರ ತೆಗೆದು ಮಿತ್ರರಿಗೆ ತೋರಿಸಲು ಕೆಲವರು ತೀವ್ರತೆಯನ್ನೇ ಬೆಳೆಸುತ್ತಾರೆ. ತೋರಿಸಲಿಕ್ಕೆ ಚೆನ್ನ, ಕಾದಲಿಕ್ಕೆ ಅಲ್ಲ.

ರಕ್ಷಣೆಯ ಗುಣಕವನ್ನು ಬೇಗ ಮುಗಿಸೋಣ. ನಮ್ಮ ಮಟ್ಟಕ್ಕೆ 100 ಕೂಡಿಸಿ. ವೈರಿಯ ಮಟ್ಟಕ್ಕೂ 100 ಕೂಡಿಸಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ. 90ನೆಯ ಮಟ್ಟದವರಿಬ್ಬರು ಎದುರಾದರೆ 190ನ್ನು 380ರಿಂದ ಭಾಗಿಸಿದಂತೆ, ಸರಿಯಾಗಿ ಅರ್ಧ. 80ನೆಯ ಮಟ್ಟದವನು 90ರವನನ್ನು ಎದುರಿಸಿದರೆ 180 ಭಾಗ 370, ಅಂದರೆ 0.486. ಈ ಹತ್ತು ಮಟ್ಟಗಳಿಗಾಗಿ ಸಾಮಗ್ರಿಯನ್ನೆಲ್ಲ ಸುರಿಯುವವರು ಈ ಅಲ್ಪ ವ್ಯತ್ಯಾಸವನ್ನು ನೋಡಿಕೊಳ್ಳಬೇಕು. ಮಟ್ಟದೊಡನೆ ಮೂಲ ಬಲವೂ ಸ್ವಲ್ಪ ಏರುತ್ತದೆ ಎಂಬುದು ನಿಜವೇ. ಆದರೂ ಅವಸರಪಡಬೇಕಾದ ಖರ್ಚು ಅದಲ್ಲ.

ಇನ್ನು ಪೆಟ್ಟಿನ ಜಾತಿಗಳು. ಪೈರೋ ಎಂದರೆ ಬೆಂಕಿ, ಹೈಡ್ರೋ ನೀರು, ಇಲೆಕ್ಟ್ರೋ ಮಿಂಚು, ಕ್ರಯೋ ಹಿಮ, ಅನೀಮೋ ಗಾಳಿ, ಜಿಯೋ ಶಿಲೆ, ಡೆಂಡ್ರೋ ಸಸ್ಯ. ಈ ಏಳು ಧಾತುಗಳ ಹೆಸರುಗಳು ಗ್ರೀಕ್ ಭಾಷೆಯಿಂದ ಬಂದವು. ಧಾತುವಿಲ್ಲದ ಬರಿಯ ಕತ್ತಿ ಬಾಣಗಳ ಪೆಟ್ಟು ಎಂಟನೆಯದು, ಅದನ್ನು ಭೌತಿಕ ಪೆಟ್ಟು ಎನ್ನೋಣ. ಸಸ್ಯಧಾತುವಿನ ಪಾತ್ರಗಳು ಆಟಗಾರರಿಗೆ ದೊರೆತುದು 2022ರ ಆಗಸ್ಟಿನಲ್ಲಿ, ಸುಮೇರು ಎಂಬ ನಾಡಿನ ಕಥೆ ಆರಂಭವಾದಾಗ. ನಮ್ಮ ಮೇರು ಪರ್ವತದ ಹೆಸರೇ ಅದು. ಆ ನಾಡಿನ ಹಿಂದಿನ ಅಧಿದೇವತೆಯ ಹೆಸರು ರುಕ್ಖದೇವತಾ. ಪಾಲಿ ಭಾಷೆಯಲ್ಲಿ ವೃಕ್ಷದೇವತೆ ಎಂದರ್ಥ. ಶಾಂಘೈಯವರು ಎಲ್ಲಿಂದ ಎಲ್ಲಿಗೆ ಹೋಗಿ ಹೆಸರು ಹುಡುಕಿದ್ದಾರೆ ನೋಡಿ!

ಪ್ರತಿಯೊಬ್ಬ ವೈರಿಗೂ ಪ್ರತಿಯೊಂದು ಜಾತಿಯ ಪೆಟ್ಟಿಗೆ ಬೇರೆ ಬೇರೆ ತಡೆಶಕ್ತಿ ಇರುತ್ತದೆ. ಕರ್ಣನ ಕವಚದ ಹಾಗೆ ಎನ್ನಬಹುದು. ರೂಯಿನ್ ಗಾರ್ಡ್ ಎಂಬ ಯಂತ್ರದೈತ್ಯನಿಗೆ ಧಾತುಗಳ ವಿರುದ್ಧ ತಡೆ ಶೇಕಡಾ 10 ಮಾತ್ರ. ಭೌತಿಕ ಪೆಟ್ಟಿಗಾದರೋ 70. ಧಾತುವಿನಿಂದ ಹೊಡೆದರೆ 0.9 ಪಾಲು ತಾಗುತ್ತದೆ, ಬರಿಯ ಕತ್ತಿಯಿಂದ ಹೊಡೆದರೆ 0.3 ಪಾಲು. ಒಂದೇ ಬಲದ ಎರಡು ಪೆಟ್ಟುಗಳಲ್ಲಿ ಮೂರು ಪಟ್ಟು ಅಂತರ! ಬೆಂಕಿಯದೇ ಮೈಯುಳ್ಳ ಸ್ಲೈಮ್ ಎಂಬ ಲೋಳೆಪ್ರಾಣಿಗೆ ಬೆಂಕಿ ತಾಗುವುದೇ ಇಲ್ಲ. ಏಳು ಗುಣಕಗಳಲ್ಲಿ ಒಂದು ಸೊನ್ನೆಯಾದ ಮೇಲೆ ಉಳಿದ ಆರು ಎಷ್ಟಿದ್ದರೇನು?

ವೈರಿಯ ತಡೆಶಕ್ತಿಯನ್ನು ಇಳಿಸುವ ವಿದ್ಯೆಗಳೂ ಇವೆ. ಹಿಮವೂ ಮಿಂಚೂ ಸೇರಿದರೆ ಭೌತಿಕ ತಡೆ 12 ಸೆಕೆಂಡುಗಳ ಕಾಲ 40 ಅಂಶ ಕುಸಿಯುತ್ತದೆ. ಮೇಲಿನ ಯಂತ್ರದೈತ್ಯನ 70 ಎಂಬುದು 30 ಆಗಿ, ತಾಗುವ ಪಾಲು 0.3ರಿಂದ 0.7ಕ್ಕೆ ಏರುತ್ತದೆ. ಸಾಮಾನ್ಯ ವೈರಿಯ 10 ಎಂಬುದು ಸೊನ್ನೆಯ ಕೆಳಗಿಳಿದು ಋಣ 30 ಆಗುತ್ತದೆ. ಆಗ ಲಾಭ 30 ಸಿಗಬೇಕೆಂದು ತೋರಬಹುದು. ಆದರೆ ಸೊನ್ನೆಯ ಕೆಳಗೆ ಇಳಿದುದರ ಅರ್ಧ ಮಾತ್ರ ನಮಗೆ ಸಲ್ಲುತ್ತದೆ. ಆದುದರಿಂದ ಗುಣಕ 1.15. ತಡೆ 75 ಮೀರಿದರೆ ನಿಯಮ ಮತ್ತೆ ಬದಲಾಗಿ, 1ನ್ನು ತಡೆಯ ನಾಲ್ಕು ಪಟ್ಟಿಗೆ 1 ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕಾಗುತ್ತದೆ. ಸರಿಯಾಗಿ 75ರಲ್ಲಿ ಎರಡೂ ನಿಯಮಗಳು ಕಾಲು ಭಾಗವನ್ನೇ ಕೊಡುತ್ತವೆ. ರೇಖಾಚಿತ್ರ ಬರೆದರೆ ಎಲ್ಲಿಯೂ ತುಂಡಾಗದು. ಇದನ್ನು ರಚಿಸಿದವರು ಗಣಿತವನ್ನು ಚೆನ್ನಾಗಿ ಓದಿಕೊಂಡವರೇ ಸರಿ.

ಆಟದ ಜೀವಾಳ ಧಾತುಗಳ ಸಂಯೋಗದಲ್ಲಿದೆ. ಯಕ್ಷಗಾನದ ಯುದ್ಧಪ್ರಸಂಗಗಳಲ್ಲಿ ಒಬ್ಬನು ಆಗ್ನೇಯಾಸ್ತ್ರ ಬಿಟ್ಟರೆ ಎದುರಾಳಿ ವಾರುಣಾಸ್ತ್ರದಿಂದ ಅದನ್ನು ನಂದಿಸುವುದನ್ನು ನೀವು ಕಂಡಿದ್ದೀರಿ. ಅಲ್ಲಿ ನೀರು ಬೆಂಕಿಯ ವೈರಿ. ಇಲ್ಲಿ ಅವೆರಡೂ ನಮ್ಮ ಕೈಯಲ್ಲೇ ಇದ್ದು, ಒಂದರ ಮೇಲೊಂದು ಬಿದ್ದಾಗ ಪೆಟ್ಟು ಬೆಳೆಯುತ್ತದೆ. ವೈರಿಯ ಮೈಯಲ್ಲಿ ಮೊದಲು ಒಂದು ಧಾತು ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತದೆ. ಅದು ಆರುವ ಮೊದಲು ಇನ್ನೊಂದು ಧಾತು ಬಿದ್ದರೆ ಸಂಯೋಗ. ಬೆಂಕಿ ಅಂಟಿದವನ ಮೇಲೆ ನೀರು ಬಿದ್ದರೆ ನೀರಿನ ಪೆಟ್ಟು ಇಮ್ಮಡಿ. ನೀರು ಅಂಟಿದವನ ಮೇಲೆ ಬೆಂಕಿ ಬಿದ್ದರೆ ಬೆಂಕಿಯ ಪೆಟ್ಟು ಒಂದೂವರೆ ಪಟ್ಟು. ಹಿಮದ ಮೇಲೆ ಬೆಂಕಿ ಬಿದ್ದರೆ ಇಮ್ಮಡಿ, ಬೆಂಕಿಯ ಮೇಲೆ ಹಿಮ ಬಿದ್ದರೆ ಒಂದೂವರೆ. ಮೂರನ್ನು ನಾಲ್ಕರಿಂದ ಗುಣಿಸಿದರೂ ನಾಲ್ಕನ್ನು ಮೂರರಿಂದ ಗುಣಿಸಿದರೂ ಹನ್ನೆರಡೇ ಎಂದು ಕಲಿತವರು ಇಲ್ಲಿ ಎಚ್ಚರದಿಂದಿರಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಿಂದ ಉತ್ತರ ಬದಲಾಗುತ್ತದೆ.

ಈ ಲಾಭವನ್ನು ಇನ್ನೂ ಬೆಳೆಸುವ ಅಂಕೆಯನ್ನು ಧಾತುಪ್ರಭುತ್ವ ಎನ್ನೋಣ. ಪ್ರಭುತ್ವವನ್ನು 2.78ರಿಂದ ಗುಣಿಸಿ, ಪ್ರಭುತ್ವಕ್ಕೆ 1400 ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಹೆಚ್ಚಳ ತಿಳಿಯುತ್ತದೆ. ಪ್ರಭುತ್ವ 100 ಇದ್ದರೆ ಹೆಚ್ಚಳ ಶೇಕಡಾ 18.5, 200 ಇದ್ದರೆ 34.8, 400 ಇದ್ದರೆ 61.8, 800 ಇದ್ದರೆ 101. ಪ್ರಭುತ್ವ ಎಂಟು ಪಟ್ಟಾದಾಗ ಫಲ ಐದೂವರೆ ಪಟ್ಟು ಮಾತ್ರ ಆಯಿತು. ಗಿಡದ ಬುಡಕ್ಕೆ ಮೊದಲ ಬುಟ್ಟಿ ಗೊಬ್ಬರ ಕೊಟ್ಟ ಫಲವನ್ನು ಹತ್ತನೆಯ ಬುಟ್ಟಿ ಕೊಡುವುದಿಲ್ಲ ಎಂಬುದು ಅಡಿಕೆ ತೋಟದ ಮನೆಗಳ ಮಕ್ಕಳಿಗೆ ಹೊಸತಲ್ಲ.

ಸಂಯೋಗಗಳಲ್ಲಿ ಇನ್ನೊಂದು ಪಂಗಡವಿದೆ. ಬೆಂಕಿಯೂ ಮಿಂಚೂ ಸೇರಿದರೆ ಸ್ಫೋಟ. ನೀರೂ ಮಿಂಚೂ ಸೇರಿದರೆ ವಿದ್ಯುದಾಘಾತ. ಗಾಳಿ ಬೀಸಿದರೆ ಅಂಟಿದ ಧಾತು ಸುತ್ತಲಿನವರಿಗೂ ಹರಡುವುದು. ನೀರೂ ಸಸ್ಯವೂ ಸೇರಿದರೆ ಸಿಡಿಯುವ ಬೀಜ. ಇವು ಮುಖ್ಯ ಪೆಟ್ಟನ್ನು ಗುಣಿಸುವುದಿಲ್ಲ, ತಾವೇ ಪ್ರತ್ಯೇಕ ಪೆಟ್ಟುಗಳಾಗುತ್ತವೆ. ಸಾಮಾನ್ಯವಾಗಿ ಇವಕ್ಕೆ ದಾಳಿಬಲವೂ ಲೆಕ್ಕವಿಲ್ಲ, ಮರ್ಮಾಘಾತವೂ ಲೆಕ್ಕವಿಲ್ಲ, ವೈರಿಯ ರಕ್ಷಣಾಬಲವೂ ಅಡ್ಡಬಾರದು. ಹೊಡೆದವನ ಮಟ್ಟ, ಧಾತುಪ್ರಭುತ್ವ, ವೈರಿಯ ತಡೆಶಕ್ತಿ, ಇಷ್ಟೇ. ಗಾಳಿ ಹರಡುವವನಿಗೆ ಮರ್ಮದ ಕಿರೀಟ ತೊಡಿಸಿ ಏನೂ ಪ್ರಯೋಜನ ಕಾಣದವರು ಬಹಳ ಮಂದಿ. ಅವನಿಗೆ ಬೇಕಾದುದು ಪ್ರಭುತ್ವ.

ಎಲ್ಲ ಪಾತ್ರಗಳೂ ದಾಳಿಬಲವನ್ನೇ ನೆಚ್ಚಿಕೊಂಡಿರುತ್ತವೆಂದು ತಿಳಿಯಬಾರದು. ಯೆಲಾನಳ ನೀರಿನ ಬಾಣಗಳು ಪ್ರಾಣಬಲದಿಂದ ಬಲ ಪಡೆಯುತ್ತವೆ. ಅಲ್ಬೆಡೋ ಅರಳಿಸುವ ಶಿಲೆಯ ಹೂವಿನ ಪೆಟ್ಟು ಅವನ ರಕ್ಷಣಾಬಲವನ್ನು ಅವಲಂಬಿಸಿದೆ. ವಿದ್ಯೆಯ ವಿವರಣೆಯನ್ನು ಓದದೆ ಆಭರಣ ತೊಡಿಸುವುದು ಪ್ರಶ್ನೆ ಓದದೆ ಉತ್ತರ ಬರೆದಂತೆ.

ಓದಿದವರಿಗೆ ಏನು ಸಿಗುತ್ತದೆಂಬುದಕ್ಕೆ ಒಂದು ತಂಡವನ್ನು ತೋರಿಸುತ್ತೇನೆ. ಶ್ಯಾಂಗ್ಲಿಂಗ್ ಎಂಬ ಅಡುಗೆಯ ಹುಡುಗಿ, ಶಿಂಗ್‌ಚ್ಯೂ ಎಂಬ ಪುಸ್ತಕಪ್ರಿಯ, ಬೆನೆಟ್ ಎಂಬ ದುರದೃಷ್ಟವಂತ. ಮೂವರೂ ನಾಲ್ಕು ನಕ್ಷತ್ರದವರು, ಅಂದರೆ ಅಪರೂಪದವರಲ್ಲ. ಸುರುಳಿ ಗೋಪುರದ ಮೂರನೆಯ ಅಂತಸ್ತನ್ನು ಗೆದ್ದರೆ ಶ್ಯಾಂಗ್ಲಿಂಗ್ ಪುಕ್ಕಟೆಯಾಗಿಯೇ ಸಿಗುತ್ತಾಳೆ. ಶಿಂಗ್‌ಚ್ಯೂ ಸುರಿಸುವ ಮಳೆಕತ್ತಿಗಳು ವೈರಿಯನ್ನು ಒದ್ದೆಯಾಗಿಯೇ ಇರಿಸುತ್ತವೆ. ಶ್ಯಾಂಗ್ಲಿಂಗಳ ಬೆಂಕಿಯ ಚಕ್ರ ಸುತ್ತುತ್ತಾ ಆ ಒದ್ದೆ ಮೈಗೆ ತಾಗಿ ಒಂದೂವರೆ ಪಟ್ಟಿನ ಲಾಭ ಪಡೆಯುತ್ತದೆ. ಬೆನೆಟ್ ಹಾಕುವ ವೃತ್ತದೊಳಗೆ ನಿಂತವರ ದಾಳಿಬಲ ಏರುತ್ತದೆ, ಗಾಯವೂ ಮಾಯುತ್ತದೆ. ಬೆನೆಟ್ ಹಂಚುವುದು ತನ್ನ ಮೂಲ ದಾಳಿಬಲದ ಪಾಲನ್ನು ಮಾತ್ರ. ಅವನ ಗರಿಯ 311 ಅದರಲ್ಲಿ ಸೇರದು, ಆಯುಧದ ಮೂಲ ಬಲ ಸೇರುತ್ತದೆ. ಈ ಒಂದು ವಾಕ್ಯ ತಿಳಿದವನು ಅವನಿಗೆ ಸರಿಯಾದ ಕತ್ತಿ ಕೊಡುತ್ತಾನೆ. ಶ್ಯಾಂಗ್ಲಿಂಗಳ ಮಹಾವಿದ್ಯೆಗೆ 80 ಚೈತನ್ಯ ಬೇಕು. ಅದು ತುಂಬದಿದ್ದರೆ ಚಕ್ರವೇ ಹೊರಡದು. ಆದುದರಿಂದ ಚೈತನ್ಯ ತುಂಬುವ ಅಂಕೆಯನ್ನೂ ನೋಡಿಕೊಳ್ಳಬೇಕು. ಈ ತಂಡ ಆಟದ ಮೊದಲ ದಿನಗಳಿಂದಲೂ ಕಠಿಣ ಅಂತಸ್ತುಗಳನ್ನು ಗೆಲ್ಲುತ್ತಾ ಬಂದಿದೆ. ದುಬಾರಿ ಪಾತ್ರಗಳ ಎಷ್ಟೋ ತಂಡಗಳು ಇದರ ಹಿಂದೆ ಉಳಿದಿವೆ.

ಈಗ ಡಬ್ಬಿಯ ಲೆಕ್ಕ. ಒಂದು ಸಲ ತಿರುಗಿಸಲು 160 ಪ್ರಿಮೋಜೆಮ್ ಎಂಬ ಹರಳುಗಳು ಬೇಕು. ಆಡುತ್ತಾ ಹೋದರೆ ಅವು ಸ್ವಲ್ಪ ಸ್ವಲ್ಪವಾಗಿ ಸಿಗುತ್ತವೆ. ಹಣ ಕೊಟ್ಟರೆ ಮೊದಲು ಬೇರೊಂದು ಹರಳು ಸಿಗುತ್ತದೆ, ಅದನ್ನು ಪ್ರಿಮೋಜೆಮ್ ಮಾಡಬೇಕು, ಅದನ್ನು ಡಬ್ಬಿಯ ಬಿಲ್ಲೆ ಮಾಡಬೇಕು. ರೂಪಾಯಿ ಮೂರು ಸಲ ಹೆಸರು ಬದಲಿಸಿದ ಮೇಲೆ ಎಷ್ಟು ರೂಪಾಯಿ ಹೋಯಿತೆಂದು ಹೇಳಲು ದೊಡ್ಡವರಿಗೂ ಕಷ್ಟ.

ಐದು ನಕ್ಷತ್ರದ ಪಾತ್ರ ಬೀಳುವ ಸಂಭವ ಶೇಕಡಾ 0.6. ನೂರು ಸಲ ತಿರುಗಿಸಿದರೆ ಶೇಕಡಾ 60 ಎಂದು ಭಾವಿಸುವವರಿದ್ದಾರೆ, ಅದು ತಪ್ಪು. ಒಂದು ಸಲ ಬೀಳದಿರುವ ಸಂಭವ 0.994. ಅದನ್ನು ನೂರು ಸಲ ಗುಣಿಸಿದರೆ ಸುಮಾರು 0.55. ಅಂದರೆ ಬೇರೆ ನಿಯಮವಿಲ್ಲದಿದ್ದರೆ ನೂರು ಸಲ ತಿರುಗಿಸಿದ ಮೇಲೂ ಬರಿಗೈಯಲ್ಲಿ ಉಳಿಯುವವರು ಅರ್ಧಕ್ಕಿಂತ ಹೆಚ್ಚು. ಇದು ಅತಿಯಾಯಿತೆಂದು 90ನೆಯ ಸಲ ಖಂಡಿತವಾಗಿ ಒಂದನ್ನು ಕೊಡುವ ನಿಯಮವಿದೆ. ಆ ನಿಯಮವನ್ನೂ ಸೇರಿಸಿದರೆ ಸಂಭವ ಶೇಕಡಾ 1.6 ಎಂದು ಸಂಸ್ಥೆಯೇ ಪ್ರಕಟಿಸಿದೆ. ಸರಾಸರಿ 62.5 ಸಲಕ್ಕೆ ಒಂದು, ಹರಳಿನ ಲೆಕ್ಕದಲ್ಲಿ ಸರಿಯಾಗಿ 10,000. ಅಷ್ಟಾದರೂ ಬಿದ್ದವನು ನಾವು ಬಯಸಿದವನೇ ಆಗಬೇಕೆಂದಿಲ್ಲ, ಆ ಸಂಭವ ಅರ್ಧದ ಆಸುಪಾಸು. ಬೇರೆಯವನು ಬಿದ್ದರೆ ಮುಂದಿನ ಸಲ ಬಯಸಿದವನೇ ಖಂಡಿತ. ಆದುದರಿಂದ ಅತಿ ಕೆಟ್ಟ ಅದೃಷ್ಟದವನು 180 ಸಲ ತಿರುಗಿಸಬೇಕು, 28,800 ಹರಳು. ಅದೇ ಪಾತ್ರವನ್ನು ಪೂರ್ಣಗೊಳಿಸಲು ಅದರ ಏಳು ಪ್ರತಿಗಳು ಬೇಕು. ಕೆಟ್ಟ ಅದೃಷ್ಟವೇ ಏಳು ಸಲವೂ ಬೆನ್ನು ಹತ್ತಿದರೆ 1260 ಸಲ, 2,01,600 ಹರಳು.

ಸರಕಾರಗಳೂ ಈ ಡಬ್ಬಿಗಳ ಮೇಲೆ ಕಣ್ಣಿಟ್ಟಿವೆ. ಬಿಡಿ ಬಿಡಿ ಚೀಟಿಗಳನ್ನು ಕೂಡಿಸಿ ಪೂರ್ತಿ ಮಾಡಿದವರಿಗೆ ಮಾತ್ರ ಬಹುಮಾನ ಕೊಡುವ ಗಾಚಾ ಕಾನೂನಿಗೆ ವಿರುದ್ಧವೆಂದು ಜಪಾನಿನ ಗ್ರಾಹಕ ಇಲಾಖೆ 2012ರಲ್ಲಿ ಹೇಳಿತು. ಸಂಭವದ ಅಂಕೆಗಳನ್ನು ಪ್ರಕಟಿಸಲೇಬೇಕೆಂದು ಚೀನಾ 2017ರ ಮೇ ತಿಂಗಳಿಂದ ನಿಯಮ ಮಾಡಿತು. ಗೆನ್‌ಶಿನ್ ಆಟದ ಡಬ್ಬಿಗಳ ನಿಜವಾದ ಖರ್ಚು ಮತ್ತು ಸಂಭವದ ವಿಚಾರದಲ್ಲಿ ಮಕ್ಕಳನ್ನು ತಪ್ಪು ದಾರಿಗೆಳೆಯಲಾಗಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. 2025ರ ಜನವರಿಯಲ್ಲಿ ಆಟದ ಸಂಸ್ಥೆ 2 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಹದಿನಾರು ವರ್ಷ ತುಂಬದವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಡಬ್ಬಿ ಮಾರಬಾರದು ಎಂಬುದು ಆ ರಾಜಿಯ ಶರತ್ತುಗಳಲ್ಲೊಂದು. ನಮ್ಮ ಒಂಬತ್ತನೆಯ ತರಗತಿಯವರೆಲ್ಲ ಆ ವಯಸ್ಸಿನೊಳಗಿನವರೇ.

ಕೊನೆಗೆ ಒಂದು ಲೆಕ್ಕವನ್ನು ನಿಮಗೇ ಬಿಡುತ್ತೇನೆ. ಮರ್ಮಾಘಾತದ ಬಂಡವಾಳ 220ರ ಬದಲು 300 ಇದ್ದರೆ ಪ್ರಮಾಣ ಎಷ್ಟು, ತೀವ್ರತೆ ಎಷ್ಟು ಇರಬೇಕು? ಪ್ರಮಾಣವು 100ನ್ನು ಮೀರಿ ಫಲವಿಲ್ಲ. ಹಾಗಾದರೆ ಬಂಡವಾಳ ಎಷ್ಟಾದ ಮೇಲೆ 'ತೀವ್ರತೆ ಪ್ರಮಾಣದ ಇಮ್ಮಡಿ' ಎಂಬ ನಿಯಮ ನಿಂತುಹೋಗುತ್ತದೆ? ಉತ್ತರವನ್ನು ಕ್ರಮವಾಗಿ ಬರೆದು ಸ್ಟಾಫ್ ರೂಮಿಗೆ ತಂದುಕೊಡಿ. ಫೋನ್ ತರಬೇಕಾಗಿಲ್ಲ.